ಸುಮ್ಮನೆ ಕೂರುವವರ ಊರುಗಳಲ್ಲಿ ನಾಲ್ಕು ದಿನ

ಮಾರ್ಚ್‌ನಲ್ಲಿ ಬರಬೇಡ ಅಂತ ತಮ್ಮ ಮೊದಲೇ ಹೇಳಿದ್ದ. ಮ್ಯಾಸಚೂಸೆಟ್ಸ್‌ನಲ್ಲಿ ಆಗ ಹಿಮ ಕರಗಿ ಎಲ್ಲ ಕಡೆ ಕೆಸರು. ಮರದಲ್ಲಿ ಒಂದು ಎಲೆಯೂ ಇರುವುದಿಲ್ಲ. ಅಕ್ಟೋಬರ್‌ನಲ್ಲಿ ಬಂದರೆ ಕಾಡೆಲ್ಲ ಕೆಂಪಾಗಿರುತ್ತೆ ಅಂದ. ಆದರೆ ಅವನ ಮಗಳಿಗೆ ಕಾಲೇಜು ರಜೆ ಮಾರ್ಚ್‌ನಲ್ಲೇ. ಕಾರು ಓಡಿಸುವವಳು ಅವಳು. ಅದೂ ಅಲ್ಲದೆ ನಾನು ನೋಡಬೇಕು ಅಂದುಕೊಂಡಿದ್ದು ಎಲೆಗಳನ್ನಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರಗೆ ಆಲೂರಿನಲ್ಲಿ ಹತ್ತು ದಿನದ ವಿಪಶ್ಯನ ಧ್ಯಾನದ ಶಿಬಿರ ಮಾಡಿದ್ದೆ. ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ಬಿಳಿ ಹೆಂಗಸರು ಕೂರುತ್ತಿದ್ದರು. ಒಬ್ಬರು ಅಲುಗದೆ ಕೂರುತ್ತಿದ್ದರು, ಇನ್ನೊಬ್ಬರು ದಿನವೂ ಸದ್ದಿಲ್ಲದೆ ಅಳುತ್ತಿದ್ದರು. ಅಷ್ಟು ದೂರದಿಂದ, ಬೆಳಗಿನ ನಾಲ್ಕಕ್ಕೆ ಎದ್ದು, ರಾತ್ರಿ ಊಟವೂ ಇಲ್ಲದೆ ಇಲ್ಲಿ ಕೂರಲು ಯಾಕೆ ಬರುತ್ತಾರೆ? ಮಾತಾಡುವಂತಿರಲಿಲ್ಲ, ಹಾಗಾಗಿ ಕೇಳಲಾಗಲಿಲ್ಲ. ಆ ಪ್ರಶ್ನೆ ನನ್ನ ಜೊತೆಯೇ ಉಳಿದಿತ್ತು.

ತಮ್ಮನ ಮನೆ ವೂಸ್ಟರ್ ಪಕ್ಕದ ಶ್ರೂಸ್‌ಬರಿಯಲ್ಲಿದೆ. ಅಲ್ಲಿಂದ ಎರಡು ಗಂಟೆಯೊಳಗೆ ಸಿಗುವ ಹಳ್ಳಿಗಳಲ್ಲೇ ಅಮೆರಿಕದ ಬೌದ್ಧ ಧ್ಯಾನದ ಎಷ್ಟೋ ಬೇರುಗಳಿವೆ. ತಮ್ಮ ಅಲ್ಲಿ ಇಪ್ಪತ್ತು ವರ್ಷ ಇದ್ದರೂ ಅವನಿಗೆ ಗೊತ್ತಿರಲಿಲ್ಲ. ಅವನ ಮಗಳಿಗೂ ಗೊತ್ತಿರಲಿಲ್ಲ. ಮನೆಯವರೆಲ್ಲ ಅವಳನ್ನು ಪುಟ್ಟಿ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಮೊದಲ ದಿನ: ಕಾಂಕಾರ್ಡ್, ಆಮೇಲೆ ಪಕ್ಕದ ಮನೆ

ಬೆಳಿಗ್ಗೆ ಕಾಂಕಾರ್ಡ್‌ನ ವಾಲ್ಡನ್ ಕೊಳಕ್ಕೆ ಹೋದೆವು. ಕಾರು ನಿಲ್ಲಿಸಲು ದುಡ್ಡು ಕೊಡಬೇಕು, ಬೇರೆ ರಾಜ್ಯದ ನಂಬರ್ ಪ್ಲೇಟ್ ಇದ್ದರೆ ಜಾಸ್ತಿ. ಕೊಳದ ನಡುವೆ ಇನ್ನೂ ಬೂದು ಬಣ್ಣದ ಮಂಜುಗಡ್ಡೆ ಇತ್ತು. ದಡದ ಹತ್ತಿರ ಕರಗಿ ನೀರು ಕಪ್ಪಗೆ ಹೊಳೆಯುತ್ತಿತ್ತು. 1845ರಲ್ಲಿ ಲೇಖಕ ಹೆನ್ರಿ ಥೋರೋ ಇಲ್ಲೊಂದು ಗುಡಿಸಲು ಕಟ್ಟಿಕೊಂಡು ಎರಡು ವರ್ಷ ಇದ್ದ. ಹತ್ತಡಿ ಅಗಲ, ಹದಿನೈದು ಅಡಿ ಉದ್ದ. ಅದರ ನಕಲೊಂದನ್ನು ರಸ್ತೆ ಹತ್ತಿರ ಇಟ್ಟಿದ್ದಾರೆ. ಒಂದು ಮಂಚ, ಒಂದು ಮೇಜು, ಮೂರು ಕುರ್ಚಿ, ಒಂದು ಒಲೆ. ಪುಟ್ಟಿ ಒಳಗೆ ನಿಂತು, “ನನ್ನ ಹಾಸ್ಟೆಲ್ ರೂಮ್ ಇದಕ್ಕಿಂತ ದೊಡ್ಡದು, ಆದ್ರೆ ಅಲ್ಲಿ ಇಷ್ಟು ಜಾಗ ಇಲ್ಲ” ಅಂದಳು.

ಥೋರೋ ಮತ್ತು ಅವನ ಗೆಳೆಯರು ನಮ್ಮ ಕಡೆಯ ಪುಸ್ತಕಗಳನ್ನು ಹುಡುಕಿ ಹುಡುಕಿ ಓದುತ್ತಿದ್ದರು. ಆಗ ಅವನ ಗೆಳೆಯ ಎಮರ್ಸನ್ ಸಂಪಾದಕನಾಗಿದ್ದ ‘ದಿ ಡಯಲ್’ ಪತ್ರಿಕೆಯಲ್ಲಿ 1844ರಲ್ಲೇ ಸದ್ಧರ್ಮಪುಂಡರೀಕ ಸೂತ್ರ ಎಂಬ ಬೌದ್ಧ ಗ್ರಂಥದ ಒಂದು ಭಾಗ ಇಂಗ್ಲಿಷಿನಲ್ಲಿ ಬಂತು. ಬರ್ನೂಫ್ ಎಂಬ ವಿದ್ವಾಂಸ ಸಂಸ್ಕೃತದಿಂದ ಫ್ರೆಂಚಿಗೆ ತಂದದ್ದನ್ನು ಎಲಿಜಬೆತ್ ಪೀಬಡಿ ಎಂಬ ಹೆಂಗಸು ಇಂಗ್ಲಿಷಿಗೆ ತಂದರು. ಬಹಳ ಕಾಲ ಜನ ಅದನ್ನು ಥೋರೋನ ಅನುವಾದ ಅಂತಲೇ ತಿಳಿದಿದ್ದರು. ಆದರೆ ಅದೆಲ್ಲ ಓದು. ಅವರಿಗೆ ಪುಸ್ತಕ ಸಿಕ್ಕಿತ್ತು, ಹೇಗೆ ಕೂರಬೇಕು ಅಂತ ತೋರಿಸಿಕೊಡುವವರು ಸಿಕ್ಕಿರಲಿಲ್ಲ. ಈ ಹಳ್ಳಿಗಳಿಗೆ ಅಂಥವರು ಬರಲು ಇನ್ನೂ ನೂರು ವರ್ಷದ ಮೇಲೆ ಬೇಕಾಯಿತು.

ಸಂಜೆ ಪಕ್ಕದ ಮನೆಯವರು ಚಹಾಕ್ಕೆ ಕರೆದರು. ಎಪ್ಪತ್ತು ದಾಟಿದವರು, ಒಬ್ಬರೇ ಇರುತ್ತಾರೆ. ನನ್ನ ಪ್ರವಾಸದ ವಿಷಯ ಕೇಳಿದ್ದೇ ಎದ್ದು ಹೋಗಿ ಡಬ್ಬಿಯಿಂದ ಒಂದು ಒಣದ್ರಾಕ್ಷಿ ತಂದು ನನ್ನ ಅಂಗೈ ಮೇಲಿಟ್ಟರು. “ಮೊದಲ ಸಲ ನೋಡ್ತಿದ್ದೀರಿ ಅಂದ್ಕೊಳ್ಳಿ” ಅಂದರು.

ನೋಡಿದೆ. ಸುಕ್ಕುಗಳ ಏಣಿನಲ್ಲಿ ಬೆಳಕು, ತಗ್ಗಿನಲ್ಲಿ ಕಪ್ಪು. ತೊಟ್ಟು ಕಿತ್ತ ಕಡೆ ಸಣ್ಣ ಬಿಳಿ ಚುಕ್ಕೆ. ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಒತ್ತಲು ಹೇಳಿದರು. ಕೇಳಿಯೂ ಕೇಳದಷ್ಟು ಸಣ್ಣ ಸದ್ದು. ನಾಲಿಗೆ ಮೇಲಿಟ್ಟುಕೊಂಡು ಕಚ್ಚದೆ ಕೂರಬೇಕು. ಬಾಯಲ್ಲಿ ನೀರು ಬಂತು. ಕಚ್ಚಿದಾಗ ಹುಳಿ ಮೊದಲು, ಸಿಹಿ ಆಮೇಲೆ. ಇಷ್ಟು ವರ್ಷ ಪಾಯಸದಲ್ಲಿ ತಿಂದಿದ್ದೇನೆ, ಹುಳಿ ಮೊದಲು ಬರುತ್ತದೆ ಅಂತ ಗಮನಿಸಿರಲಿಲ್ಲ.

ಅವರಿಗೆ ಹಳೆಯ ಬೆನ್ನುನೋವು. ಎರಡು ಆಪರೇಷನ್ ಆಗಿ, ಇನ್ನು ಮಾಡುವಂಥದ್ದು ಏನೂ ಇಲ್ಲ ಅಂತ ಡಾಕ್ಟರು ಹೇಳಿದ ಮೇಲೆ ವೂಸ್ಟರ್‌ನ ಮೆಡಿಕಲ್ ಕಾಲೇಜಿನಲ್ಲಿ ಎಂಟು ವಾರದ ಧ್ಯಾನದ ತರಗತಿಗೆ ಸೇರಿದ್ದರು. ಜಾನ್ ಕಬಟ್-ಜಿನ್ 1979ರಲ್ಲಿ ಅಲ್ಲಿ ಶುರು ಮಾಡಿದ್ದು ಅದು. ಅವರು ಮಾಲಿಕ್ಯುಲರ್ ಬಯಾಲಜಿಯಲ್ಲಿ ಎಂಐಟಿಯಿಂದ ಪಿಎಚ್‌ಡಿ ಮಾಡಿದವರು, ಝೆನ್ ಮತ್ತು ವಿಪಶ್ಯನ ಕಲಿತವರು. ಔಷಧಿಯಿಂದ ಪೂರ್ತಿ ಗುಣವಾಗದವರನ್ನು ತಮ್ಮ ಬಳಿ ಕಳಿಸಿ ಅಂತ ಡಾಕ್ಟರುಗಳನ್ನೇ ಕೇಳಿಕೊಂಡರು. ಬುದ್ಧನ ಹೆಸರನ್ನು ಬೇಕೆಂದೇ ಎತ್ತಲಿಲ್ಲ. ಎತ್ತಿದ್ದರೆ ಆಸ್ಪತ್ರೆಯ ಬಾಗಿಲು ತೆರೆಯುತ್ತಿರಲಿಲ್ಲವೇನೋ. ಈ ಒಣದ್ರಾಕ್ಷಿಯೇ ಅಲ್ಲಿಯ ಮೊದಲ ಪಾಠ.

“ನೋವು ಹೋಯ್ತಾ?” ಅಂತ ಪುಟ್ಟಿ ಕೇಳಿದಳು.

“ನೋವು ಹೋಗಲಿಲ್ಲ. ಇವತ್ತೂ ಇದೆ. ನಾಳೆ ಹೇಗಿರುತ್ತೋ ಅನ್ನುವ ಹೆದರಿಕೆ ಹೋಯ್ತು. ನಂಗೆ ಅರ್ಧ ನೋವು ಅದೇ ಆಗಿತ್ತು” ಅಂದರು.

ಎರಡನೆಯ ದಿನ: ಬ್ಯಾರಿ, ಡೇನಾ

ಬ್ಯಾರಿ ಒಂದು ಸಣ್ಣ ಊರು. ದಾರಿಯುದ್ದಕ್ಕೂ ಕಲ್ಲಿನ ಪೌಳಿಗಳು. ಮರಗಳ ಬುಡದಲ್ಲಿ ಇನ್ನೂ ಹಿಮ. ಇಲ್ಲಿ ಇನ್‌ಸೈಟ್ ಮೆಡಿಟೇಶನ್ ಸೊಸೈಟಿ ಎಂಬ ಧ್ಯಾನ ಕೇಂದ್ರ ಇದೆ. ಹೋಗಿ ಬಾಗಿಲು ತಟ್ಟಿ ನೋಡಿಬರುವ ಜಾಗ ಅಲ್ಲ ಇದು. ಹೆಚ್ಚಿನ ದಿನ ಒಳಗೆ ಮೌನ ಶಿಬಿರ ನಡೆಯುತ್ತಿರುತ್ತದೆ. ಹೋಗುವ ಆಸೆಯಿದ್ದರೆ ತಿಂಗಳುಗಟ್ಟಲೆ ಮೊದಲೇ ಶಿಬಿರಕ್ಕೆ ಹೆಸರು ಕೊಡುವುದೇ ಸರಿ. ನಾವು ರಸ್ತೆಯಲ್ಲೇ ನಿಂತು ನೋಡಿದೆವು. ಕೆಂಪು ಇಟ್ಟಿಗೆಯ ದೊಡ್ಡ ಮನೆ, ಎದುರಿಗೆ ಬಿಳಿ ಕಂಬಗಳು, ಮೇಲೆ ‘ಮೆಟ್ಟಾ’ ಅಂತ ಅಕ್ಷರಗಳು. ಮೈತ್ರಿ ಅನ್ನುವುದಕ್ಕೆ ಪಾಲಿ ಮಾತು. ಮೊದಲು ಇದು ಕ್ಯಾಥೊಲಿಕ್ ಪಾದ್ರಿಗಳಾಗುವವರ ತರಬೇತಿ ಮನೆಯಾಗಿತ್ತು. ಬರುವವರು ಕಡಿಮೆಯಾಗಿ ಮಾರಾಟಕ್ಕೆ ಬಂದಾಗ, 1976ರ ಆರಂಭದಲ್ಲಿ, ಇವರು ಇಲ್ಲಿ ನೆಲೆಯಾದರು.

ಕೆಂಪು ಉಣ್ಣೆ ಟೋಪಿ ಹಾಕಿದ ಒಬ್ಬರು ರಸ್ತೆ ಅಂಚಿನಲ್ಲಿ ನಡೆಯುತ್ತಿದ್ದರು. ಅದನ್ನು ನಡಿಗೆ ಅನ್ನುವುದೂ ಕಷ್ಟ. ಹಿಮ್ಮಡಿ ಏಳುತ್ತದೆ. ಬೂಟಿಗೆ ಅಂಟಿದ ಕೆಸರು ನೂಲಿನ ಹಾಗೆ ಎಳೆದುಕೊಂಡು ಬಿಡುತ್ತದೆ. ಕಾಲು ಗಾಳಿಯಲ್ಲಿ ಮುಂದೆ ಬರುತ್ತದೆ. ಬೆರಳು ಊರುತ್ತದೆ, ಆಮೇಲೆ ಪಾದ. ಇಪ್ಪತ್ತು ಹೆಜ್ಜೆ ಆ ಕಡೆ, ನಿಂತು ತಿರುಗಿ, ಇಪ್ಪತ್ತು ಹೆಜ್ಜೆ ಈ ಕಡೆ.

ಪುಟ್ಟಿ ಮೆಲ್ಲಗೆ, “ಅವ್ರಿಗೆ ಹುಷಾರಿಲ್ವಾ ಅತ್ತೆ?” ಅಂದಳು. ಅದೂ ಧ್ಯಾನ ಅಂತ ಹೇಳಿದೆ. ಅವಳು ಕಾರಿಗೆ ಒರಗಿ ತುಂಬ ಹೊತ್ತು ನೋಡಿದಳು. ನಮ್ಮ ಕಡೆ ಆ ಮನುಷ್ಯ ಒಂದು ಸಲವೂ ತಲೆಯೆತ್ತಲಿಲ್ಲ.

ಈ ಮನೆ ಶುರು ಮಾಡಿದವರಲ್ಲಿ ಜೋಸೆಫ್ ಗೋಲ್ಡ್‌ಸ್ಟೀನ್ ಮತ್ತು ಜ್ಯಾಕ್ ಕಾರ್ನ್‌ಫೀಲ್ಡ್ ಇಬ್ಬರೂ ಅಮೆರಿಕ ಸರ್ಕಾರದ ಸ್ವಯಂಸೇವಕರ ಪಡೆಯಾದ ಪೀಸ್ ಕೋರ್ ಕೆಲಸಕ್ಕೆ ಥಾಯ್ಲೆಂಡ್‌ಗೆ ಹೋಗಿದ್ದವರು. ಶ್ಯಾರನ್ ಸಾಲ್ಜ್‌ಬರ್ಗ್ ಹದಿನೆಂಟರ ವಯಸ್ಸಿಗೆ ಭಾರತಕ್ಕೆ ಬಂದು, ಬೋಧಗಯಾದಲ್ಲಿ ವಿಪಶ್ಯನ ಗುರು ಗೋಯೆಂಕಾ ಅವರ ಶಿಬಿರದಲ್ಲಿ ಕೂತವರು. ವಿಯೆಟ್ನಾಂ ಯುದ್ಧದ ಕಾಲ ಅದು. ಅಮೆರಿಕದ ಎಷ್ಟೋ ಹುಡುಗ ಹುಡುಗಿಯರಿಗೆ ಅಪ್ಪ ಅಮ್ಮ ಕೊಟ್ಟ ಚರ್ಚು, ಸರ್ಕಾರ, ಕೆಲಸ ಯಾವುದರ ಮೇಲೂ ಭರವಸೆ ಉಳಿದಿರಲಿಲ್ಲ.

ನನ್ನ ಮನಸ್ಸು ಹೆಚ್ಚು ಹೋಗುವುದು ಅವರ ಗುರುಗಳಲ್ಲಿ ಒಬ್ಬರಾದ ದೀಪಾ ಮಾ ಕಡೆಗೆ. ಚಿತ್ತಗಾಂಗ್ ಕಡೆಯ ಬೌದ್ಧ ಮನೆತನದ ಹೆಂಗಸು. ಬರ್ಮಾದಲ್ಲಿ ಗಂಡನನ್ನು, ಅದಕ್ಕೂ ಮುಂಚೆ ಮಕ್ಕಳನ್ನು ಕಳೆದುಕೊಂಡು ಹಾಸಿಗೆ ಹಿಡಿದಿದ್ದವರು. ಧ್ಯಾನ ಕಲಿತು ಎದ್ದು ನಿಂತರು. ಉಳಿದಿದ್ದ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಕಲ್ಕತ್ತಕ್ಕೆ ಬಂದು, ಒಂದು ಪುಟ್ಟ ಮನೆಯಲ್ಲಿ ಅಕ್ಕಪಕ್ಕದ ಹೆಂಗಸರಿಗೆ ಕಲಿಸಿದರು. ನೀನು ದುಃಖ ಕಂಡವಳು, ಅದಕ್ಕೇ ನೀನು ಕಲಿಸಬೇಕು ಅನ್ನುವ ಅರ್ಥದಲ್ಲಿ ಶ್ಯಾರನ್‌ಗೆ ಹೇಳಿ ಕಳಿಸಿದ್ದು ಇವರೇ. 1980ರಲ್ಲಿ ಸ್ವತಃ ಈ ಬ್ಯಾರಿಗೆ ಬಂದು ಕಲಿಸಿದರು. ಬಿಳಿ ಸೀರೆಯ ಒಬ್ಬ ಸಣ್ಣ ಅಜ್ಜಿ ಈ ಕಂಬಗಳ ನಡುವೆ ಬಂದದ್ದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ವೂಸ್ಟರ್‌ನ ಆಸ್ಪತ್ರೆಯ ತರಗತಿಯ ಯೋಚನೆ ಕಬಟ್-ಜಿನ್ ಅವರಿಗೆ ಹೊಳೆದದ್ದೂ 1979ರಲ್ಲಿ ಇದೇ ಮನೆಯಲ್ಲಿ ಕೂತಿದ್ದಾಗ.

“ಇಲ್ಲಿ ಮಕ್ಕಳೇ ಇಲ್ವಲ್ಲ” ಅಂದಳು ಪುಟ್ಟಿ. ಸರಿಯಾಗಿ ಹಿಡಿದಳು. ಹಿಂದಿನ ಸಲ ಊರಿಗೆ ಬಂದಾಗ ಅವಳನ್ನು ಬೈಲಕುಪ್ಪೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಚಿಕ್ಕ ಭಿಕ್ಷುಗಳು ಓಡಾಡುತ್ತಿದ್ದರು, ಅಜ್ಜಿಯರು ಮಣಿ ಎಣಿಸುತ್ತಿದ್ದರು, ಬೆಣ್ಣೆ ದೀಪ ಉರಿಯುತ್ತಿತ್ತು. ಕಣ್ಣು ಮುಚ್ಚಿ ಕೂತ ಗೃಹಸ್ಥರು ಅಲ್ಲಿ ಕಂಡದ್ದು ಕಡಿಮೆ. ಬೌದ್ಧ ದೇಶಗಳಲ್ಲೂ ಸಂಸಾರಸ್ಥರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಧ್ಯಾನಕ್ಕೆ ಕೂತದ್ದು ಕಳೆದ ಶತಮಾನದಲ್ಲೇ. ಬ್ರಿಟಿಷರ ಕಾಲದ ಬರ್ಮಾದಲ್ಲಿ ಲೆಡಿ ಸಯಾಡೋ, ಆಮೇಲೆ ಮಹಾಸಿ ಸಯಾಡೋ ಎಂಬ ಭಿಕ್ಷುಗಳು ಇದನ್ನು ಮಠದಿಂದ ಮನೆಯವರಿಗೆ ತಂದರು. ಅಮೆರಿಕದವರು ಅದರಲ್ಲಿ ಕೂರುವುದನ್ನು ಎತ್ತಿಕೊಂಡರು, ಹಬ್ಬ, ಪೂಜೆ, ನೆಂಟರು, ಪುಣ್ಯ ಎಲ್ಲ ಅಲ್ಲೇ ಬಿಟ್ಟರು. ಅದಕ್ಕೆ ಇದು ನಿಜವಾದ ಬೌದ್ಧಧರ್ಮ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಸಿದವರು ತಮ್ಮ ಹಸಿವಿಗೆ ತಕ್ಕದ್ದನ್ನು ಮೊದಲು ಬಡಿಸಿಕೊಳ್ಳುತ್ತಾರೆ, ಅಲ್ವಾ? ಆದರೆ ಒಂದನ್ನು ಮಾತ್ರ ಬಿಡಬಾರದಿತ್ತು ಅನ್ನಿಸುತ್ತದೆ. ಅದು ದಾನ.

ಆ ಮಾತು ಮಧ್ಯಾಹ್ನ ಬೇರೆ ರೀತಿಯಲ್ಲಿ ಎದುರಾಯಿತು. ಬ್ಯಾರಿಯಿಂದ ಸ್ವಲ್ಪ ದೂರ, ಪೀಟರ್‌ಶಾಮ್‌ನ 40ನೇ ನಂಬರ್ ಗೇಟಿನ ಹತ್ತಿರ ಕಾರು ಬಿಟ್ಟು ಕಾಡಿನೊಳಗೆ ಸುಮಾರು ಮೂರು ಕಿಲೋಮೀಟರ್ ನಡೆದರೆ ಒಂದು ಊರಿದೆ. ಊರಿತ್ತು ಅನ್ನಬೇಕು. ಅದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ನಾವು ‘ದಾನ’ ಅಂತಲೇ ಓದುತ್ತೇವೆ. ಅವರು ಡೇನಾ ಅನ್ನುತ್ತಾರೆ. ಒಬ್ಬ ನ್ಯಾಯಾಧೀಶನ ಹೆಸರಂತೆ, ಪಾಲಿಗೂ ಅದಕ್ಕೂ ಸಂಬಂಧವಿಲ್ಲ. ಬಾಸ್ಟನ್ನಿಗೆ ಕುಡಿಯುವ ನೀರು ಕೊಡಲು ಕ್ವಾಬಿನ್ ಜಲಾಶಯ ಕಟ್ಟಿದಾಗ 1938ರಲ್ಲಿ ನಾಲ್ಕು ಊರುಗಳನ್ನು ಅಳಿಸಿದರು. ಏಳು ಸಾವಿರಕ್ಕೂ ಹೆಚ್ಚು ಗೋರಿಗಳನ್ನು ಅಗೆದು ಬೇರೆಡೆಗೆ ಸಾಗಿಸಿದರು. ಡೇನಾದ ಈ ನಡುಭಾಗ ನೀರಲ್ಲಿ ಮುಳುಗಲಿಲ್ಲ, ಆದರೂ ಮನೆಗಳನ್ನು ಕೆಡವಿದರು. ಈಗ ಉಳಿದಿರುವುದು ನೆಲಮಾಳಿಗೆಯ ಗುಂಡಿಗಳು, ಎಲ್ಲಿಗೂ ಹೋಗದ ಮೆಟ್ಟಿಲು, ಒಂದು ಕಲ್ಲು. ಊರು ಹುಟ್ಟಿದ ವರ್ಷ 1801, ಹೋದ ವರ್ಷ 1938 ಅಂತ ಅದರ ಮೇಲಿದೆ.

ನಾವು ಶಿರಸಿಯವರು. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ನೆಂಟರು ನಮ್ಮಲ್ಲೂ ಇದ್ದಾರೆ. ಮುಳುಗಡೆಯವರು ಅನ್ನುವ ಮಾತು ಕೇಳುತ್ತಲೇ ಬೆಳೆದವಳು ನಾನು. ಆ ಮೆಟ್ಟಿಲ ಮೇಲೆ ಕೂತು, ತಂದಿದ್ದ ಚಪಾತಿ ಚಟ್ನಿಪುಡಿ ತಿಂದೆವು. ದಾನ ಅಂದರೇನು ಅಂತ ಪುಟ್ಟಿಗೆ ಹೇಳಿದೆ. ಕೊಡುವುದು. ಬೆಲೆ ಕಟ್ಟದೆ ಕೊಡುವುದು. ಧರ್ಮ ಹೇಳುವವರು ಶುಲ್ಕ ಕೇಳಬಾರದು, ಧರ್ಮ ಕೇಳಿಸಿಕೊಂಡವರು ಅವರನ್ನು ಉಪವಾಸ ಬಿಡಬಾರದು. ಅವಳ ಫೋನಿನಲ್ಲಿರುವ ಧ್ಯಾನದ ಆ್ಯಪ್‌ಗೆ ತಿಂಗಳಿಗಿಷ್ಟು ಅಂತ ಕಡಿತವಾಗುತ್ತದಂತೆ. “ಮಧ್ಯ ರಾತ್ರಿ ನಿದ್ದೆ ಬರದೇ ಇದ್ದಾಗ ಹಾಕ್ಕೋತೀನಿ” ಅಂದಳು. ನಿದ್ದೆ ಬರುವುದಿಲ್ಲ ಅಂತ ಅವಳು ನನಗೆ ಹೇಳಿದ್ದು ಅದೇ ಮೊದಲು.

ಮೂರನೆಯ ದಿನ: ಕೆಸರು, ಆಲೆಮನೆ, ಲೆವೆರೆಟ್

ಮಾರ್ಚ್‌ನಲ್ಲಿ ಈ ಕಡೆಯ ಮಣ್ಣುರಸ್ತೆಗಳನ್ನು ಮ್ಯಾಪ್ ನಂಬಿ ಹಿಡಿಯಬೇಡಿ. ಮೇಲೆ ಗಟ್ಟಿ, ಅಡಿಯಲ್ಲಿ ಗಂಜಿ. ಲೆವೆರೆಟ್ ಕಡೆಗೆ ಹತ್ತಿರದ ದಾರಿ ಅಂತ ಮ್ಯಾಪ್ ತೋರಿಸಿದಲ್ಲಿ ತಿರುಗಿದೆವು. ನೂರು ಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ ಅರ್ಧ ಹೂತಿತು. ಫೋನಿಗೆ ಸಿಗ್ನಲ್ ಇಲ್ಲ. ಪುಟ್ಟಿಯ ಕಣ್ಣಲ್ಲಿ ನೀರು ತುಂಬಿತ್ತು. ಅರ್ಧ ಗಂಟೆಯ ಮೇಲೆ ಒಬ್ಬ ಮುದುಕರು ಹಳೆಯ ಪಿಕಪ್ ಗಾಡಿಯಲ್ಲಿ ಬಂದರು. ಏನೂ ಕೇಳದೆ ಸರಪಳಿ ಬಿಗಿದು ಎಳೆದು ತೆಗೆದರು. ದುಡ್ಡು ಕೊಡಹೋದರೆ ಕೈ ಆಡಿಸಿದರು. “ಚಳಿಯಾಗಿರಬೇಕು, ಒಲೆ ಉರೀತಿದೆ, ಬನ್ನಿ” ಅಂತ ಕರೆದುಕೊಂಡು ಹೋದರು.

ಅವರ ಕೊಟ್ಟಿಗೆಯ ಮಾಡಿನಿಂದ ಬಿಳಿ ಹಬೆ ಏಳುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ನನಗೆ ಶಿರಸಿ ಬಂದ ಹಾಗಾಯಿತು. ಅದು ಆಲೆಮನೆಯೇ! ಕಬ್ಬಿನ ಬದಲು ಮೇಪಲ್ ಮರ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು ಇದ್ದರೆ ಮರದೊಳಗಿನ ರಸ ಇಳಿಯುತ್ತದೆ. ಮರಕ್ಕೆ ಸಣ್ಣ ತೂತು ಕೊರೆದು ಹಿಡಿಯುತ್ತಾರೆ. ಒಂದು ಲೋಟ ಕುಡಿಯಲು ಕೊಟ್ಟರು. ತಣ್ಣನೆ ನೀರು, ಸಿಹಿ ಇದೆಯೋ ಇಲ್ಲವೋ ಅನ್ನುವಷ್ಟು. ನಲವತ್ತು ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಕೊಪ್ಪರಿಗೆಯ ಬದಲು ಉದ್ದನೆಯ ಸ್ಟೀಲ್ ತಟ್ಟೆ, ಅದರಲ್ಲಿ ಕಾಲುವೆಗಳು. ಹದ ನೋಡುವುದು ಮಾತ್ರ ನಮ್ಮ ಹಾಗೇ. ಸೌಟನ್ನು ಅದ್ದಿ ಎತ್ತಿದರು. ಮೊದಲು ಹನಿ ಹನಿಯಾಗಿ ಬಿತ್ತು. ಸ್ವಲ್ಪ ಹೊತ್ತಿಗೆ ಎರಡು ಹನಿ ಅಂಚಿನಲ್ಲಿ ಸೇರಿ, ಪರದೆಯ ಹಾಗೆ ಅಗಲವಾಗಿ ಜೋತುಬಿತ್ತು. “ಈಗ” ಅಂದರು.

ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದರು. ಪೀಸ್ ಪಗೋಡ ಅಂದೆವು. “ಅದರ ಕಾಂಕ್ರೀಟ್ ನಾನೂ ಕಲಸಿದ್ದೀನಿ” ಅಂದರು.

ಲೆವೆರೆಟ್‌ನ ಶಾಂತಿ ಸ್ತೂಪ ಮುಗಿದದ್ದು 1985ರಲ್ಲಿ. ಉತ್ತರ ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಕಟ್ಟಿದ್ದು ನಿಪ್ಪೊನ್‌ಝಾನ್ ಮ್ಯೊಹೊಜಿ ಎಂಬ ಜಪಾನಿ ಪಂಥದ ಭಿಕ್ಷುಗಳು, ಭಿಕ್ಷುಣಿಯರು. ಅದರ ಗುರು ನಿಚಿದಾತ್ಸು ಫುಜಿಯಿ 1930ರ ದಶಕದಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯ ಜೊತೆ ಇದ್ದವರು. ಅವರ ಮಂತ್ರ ಆಶ್ರಮದ ಪ್ರಾರ್ಥನೆಯಲ್ಲೂ ಸೇರಿತ್ತು.

“ನಾನು ಬೌದ್ಧ ಅಲ್ಲ. ಆಗ ಕೆಲಸ ಇರಲಿಲ್ಲ, ಯುದ್ಧದಿಂದ ಬಂದ ಮೇಲೆ ಯಾರ ಜೊತೆಗೂ ಹೊಂದಿಕೊಳ್ಳಕ್ಕೆ ಆಗ್ತಿರಲಿಲ್ಲ. ಅಲ್ಲಿ ಹೋದೆ. ಏನಾಗಿದೆ ನಿಂಗೆ ಅಂತ ಒಬ್ಬರೂ ಕೇಳಲಿಲ್ಲ. ಸಲಿಕೆ ಕೊಟ್ಟರು, ಮಧ್ಯಾಹ್ನ ಊಟ ಕೊಟ್ಟರು. ಚಳಿಗಾಲದಲ್ಲಿ ನನ್ನ ಸೌದೆ ಒಡೆಯಕ್ಕೆ ಅವರು ಬಂದ್ರು.” ಇಷ್ಟು ಹೇಳಿ ಒಲೆಗೆ ಇನ್ನೊಂದು ಕೊರಡು ತಳ್ಳಿದರು. ಪಾಕದ ಬಾಟಲಿಗೆ ಮಾತ್ರ ದುಡ್ಡು ತೆಗೆದುಕೊಂಡರು.

ಸ್ತೂಪಕ್ಕೆ ಕಾಡಿನೊಳಗೆ ಕಡಿದಾದ ಏರು ಹತ್ತಬೇಕು. ಹಿಮ ಗಾಜಾಗಿದ್ದ ಕಡೆ ಜಾರುತ್ತದೆ, ಅಡಿ ಗಟ್ಟಿ ಇರುವ ಬೂಟು ಬೇಕು. ಮೇಲೆ ಹೋದರೆ ಮೋಡದ ಬಣ್ಣದ ಆಕಾಶಕ್ಕೆ ಬಿಳಿ ಗುಮ್ಮಟ. ಎಲ್ಲಿಂದಲೋ ಕೈ ತಮ್ಮಟೆಯ ಸದ್ದು, ಒಂದೇ ಲಯದ ಮಂತ್ರ: ನಮು ಮ್ಯೊಹೊ ರೆಂಗೆ ಕ್ಯೊ. ಅದು ಸದ್ಧರ್ಮಪುಂಡರೀಕಕ್ಕೆ ನಮಸ್ಕಾರ. ಕಾಂಕಾರ್ಡ್‌ನವರು ಓದಿದ್ದ ಅದೇ ಸೂತ್ರ. ನಾವು ಮೂರು ಸುತ್ತು ಹಾಕಿದೆವು. ಪುಟ್ಟಿ ಗೋಡೆಯನ್ನು ಅಂಗೈಯಿಂದ ಸವರುತ್ತಾ ನಡೆದಳು, “ಇದು ಅವರು ಕಲಸಿದ್ದು ಇರಬಹುದು” ಅಂತ.

ನಾಲ್ಕನೆಯ ದಿನ: ಶೆಲ್‌ಬರ್ನ್ ಫಾಲ್ಸ್

ಡಿಯರ್‌ಫೀಲ್ಡ್ ನದಿಯ ದಡದ ಈ ಊರಿಗೆ ಜನ ಬರುವುದು ಹೂವಿನ ಸೇತುವೆ ನೋಡಲು. ಏಪ್ರಿಲ್ ಬರುವ ತನಕ ಅದು ಮುಚ್ಚಿರುತ್ತದೆ. ಗೋಯೆಂಕಾ ಪರಂಪರೆಯ ಧಮ್ಮ ಧರಾ ಕೇಂದ್ರ ಇಲ್ಲಿದೆ, 1982ರಿಂದ. ಎರಡು ಶಿಬಿರಗಳ ನಡುವಿನ ದಿನ ಸೇವೆಗೆ ಬರಬಹುದೇ ಅಂತ ಮೊದಲೇ ಬರೆದು ಕೇಳಿದ್ದೆ. ಸೇವೆಗೆ ಹತ್ತು ದಿನದ ಶಿಬಿರ ಮಾಡಿದವರೇ ಬೇಕು. ಹಾಗಾಗಿ ಪುಟ್ಟಿ ನನ್ನನ್ನು ಬಿಟ್ಟು ಊರೊಳಗೆ ಹೋದಳು.

ಮೊದಲು ಒಂದು ಗಂಟೆ ಎಲ್ಲರೂ ಒಟ್ಟಿಗೆ ಕೂತೆವು. ಕೊನೆಯಲ್ಲಿ ಗೋಯೆಂಕಾ ಅವರ ಅದೇ ಆಳದ ದನಿ, ರೆಕಾರ್ಡಿನಿಂದ. ಮಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ, ತಲೆನೋವಿಗೆ ಮದ್ದು ಹುಡುಕುತ್ತಾ ಬರ್ಮಾದ ಧ್ಯಾನ ಗುರು ಊ ಬಾ ಖಿನ್ ಅವರ ಹತ್ತಿರ ಹೋದವರು, 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದವರು. ‘ಭವತು ಸಬ್ಬ ಮಂಗಲಂ’ ಅಂದಾಗ ಕೋಣೆ ತುಂಬ ‘ಸಾಧು, ಸಾಧು, ಸಾಧು’ ಅಂದರು. ಅಮೆರಿಕನ್ ನಾಲಿಗೆಯ ಮೇಲಿನ ಆ ‘ಸಾಧು’ ಕೇಳಿ ನನ್ನ ಗಂಟಲು ಕಟ್ಟಿತು.

ಆಮೇಲೆ ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುವ ಕೆಲಸ. ಎದುರಿಗೆ ನಿಂತಿದ್ದವರು ಐವತ್ತರ ಆಸುಪಾಸಿನ ಪ್ಲಂಬರ್. ದಪ್ಪ ಬೆರಳು, ಆದರೆ ಅವರ ಹೋಳುಗಳೆಲ್ಲ ಒಂದೇ ಅಳತೆ. ಕುಡಿತ ಬಿಡಲು ಒದ್ದಾಡುತ್ತಿದ್ದಾಗ ಯಾರೋ ಇಲ್ಲಿಯ ವಿಷಯ ಹೇಳಿದರಂತೆ. ಆರು ದಿನ ಕಳೆದರೂ ದುಡ್ಡಿನ ಮಾತು ಬರಲಿಲ್ಲ ಅಂತ ಅವರಿಗೆ ಅನುಮಾನ ಜಾಸ್ತಿಯಾಯಿತಂತೆ. “ನನ್ನ ಜೀವನದಲ್ಲಿ ಬಿಲ್ ಬರದೇ ಇರೋದು ಏನೂ ಇರಲಿಲ್ಲ. ಇಲ್ಲಿ ನನ್ನ ಊಟಕ್ಕೆ ದುಡ್ಡು ಕೊಟ್ಟೋರು ಯಾರು ಅಂತ ಕೇಳಿದೆ. ನಿಮಗಿಂತ ಮುಂಚೆ ಕೂತು ಹೋದ ಯಾರೋ ಅಂದ್ರು. ಅವತ್ತು ರಾತ್ರಿ ನಾನು ಆ ಯಾರೋಗೋಸ್ಕರ ಅತ್ತೆ.” ವರ್ಷಕ್ಕೆರಡು ಸಲ ಬಂದು ಇಲ್ಲಿಯ ನಲ್ಲಿ ಪೈಪು ನೋಡಿಕೊಡುತ್ತಾರೆ.

ಆಲೂರಿನಲ್ಲಿ ನನ್ನ ಮುಂದೆ ಕೂತು ಅಳುತ್ತಿದ್ದ ಹೆಂಗಸಿನ ನೆನಪಾಯಿತು. ಉಸಿರು ನೋಡುವ ವಿದ್ಯೆ ಒಂದು ಕಡೆಗಿರಲಿ, ಯಾರೋ ಹೆಸರಿಲ್ಲದವರು ನನಗಾಗಿ ಅನ್ನ ಇಟ್ಟು ಹೋಗಿದ್ದಾರೆ ಅನ್ನುವುದು ಎಲ್ಲಕ್ಕೂ ಬೆಲೆ ಇರುವ ಊರಿನಿಂದ ಬಂದವರಿಗೆ ಎಂಥ ಹೊಸದಾಗಿರಬೇಕು!

ಸಂಜೆ ಪುಟ್ಟಿ ಬಂದಳು. ನಾನು ಮಧ್ಯಾಹ್ನ ಊಟ ಮಾಡಿದ್ದು ಕೇಳಿ, ಪರ್ಸಿನಿಂದ ಇಪ್ಪತ್ತು ಡಾಲರ್ ತೆಗೆದು ಅಲ್ಲಿದ್ದವರಿಗೆ ಕೊಡಹೋದಳು. ಅವರು ನಗುತ್ತಾ, ನೀವು ಶಿಬಿರ ಮಾಡಿದ್ದೀರಾ ಅಂತ ಕೇಳಿದರು. ಇಲ್ಲ ಅಂದಳು. “ಹಾಗಾದ್ರೆ ತಗೊಳ್ಳೋ ಹಾಗಿಲ್ಲ. ಪಡೆದ ಮೇಲೆ, ಕೊಡಬೇಕು ಅನ್ನಿಸಿದರೆ ಕೊಡಿ” ಅಂದರು.

ದಾರಿಯಲ್ಲಿ ಅವಳು ಹಾಡು ಹಾಕಲಿಲ್ಲ. ಅರ್ಧ ದಾರಿ ಬಂದ ಮೇಲೆ, “ಇಪ್ಪತ್ತು ಡಾಲರ್ ಕೊಡಬೇಕು ಅಂದ್ರೆ ಹತ್ತು ದಿನ ಕೂರ್ಬೇಕಾ ಅತ್ತೆ?” ಅಂದಳು. ಹೌದು ಅಂದೆ.

ಮಾರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರನ್ನು ನೀರುದೋಸೆಗೆ ಕರೆದಿದ್ದೆವು. ಜೋನಿಬೆಲ್ಲದ ಬದಲು ಮೇಪಲ್ ಪಾಕ. ಪುಟ್ಟಿ ಅವರಿಗೆ ಇಪ್ಪತ್ತು ಡಾಲರಿನ ಕಥೆ ಹೇಳಿದಳು. ಅವರು ತಿನ್ನುವುದು ನಿಲ್ಲಿಸಿದರು. ಎಂಟು ವಾರದ ತರಗತಿಗೆ ತಾನು ದುಡ್ಡು ಕೊಟ್ಟಿದ್ದೆ, ಆದರೆ ಇದು ಯಾರಿಂದ ಯಾರಿಗೆ ಬಂತು ಅಂತ ಯಾವತ್ತೂ ಕೇಳಿರಲಿಲ್ಲ ಅಂದರು. ಪುಟ್ಟಿ ಬೆರಳು ಮಡಿಸುತ್ತಾ ಹೇಳತೊಡಗಿದಳು. ವೂಸ್ಟರ್‌ಗೆ ಬ್ಯಾರಿಯಿಂದ. ಬ್ಯಾರಿಗೆ ಬೋಧಗಯಾದಿಂದ, ಕಲ್ಕತ್ತದ ಒಬ್ಬ ಅಜ್ಜಿಯ ಮನೆಯಿಂದ. ಅವರಿಗೆಲ್ಲ ಬರ್ಮಾದಿಂದ.

“ಅದಕ್ಕೂ ಮುಂಚೆ?” ಅಂದರು ಅವರು.

ಪುಟ್ಟಿ ನನ್ನ ಕಡೆ ನೋಡಿದಳು. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಥೇರನನ್ನು, ಅಂದರೆ ಹಿರಿಯ ಭಿಕ್ಷುವನ್ನು, ವನವಾಸ ಎಂಬ ನಾಡಿಗೆ ಕಳಿಸಿದರು ಅಂತ ಸಿಂಹಳದ ಹಳೆಯ ಚರಿತ್ರೆಯ ಗ್ರಂಥ ಮಹಾವಂಸದಲ್ಲಿದೆ. ಅದು ನಮ್ಮ ಬನವಾಸಿ ಅನ್ನುತ್ತಾರೆ, ಶಿರಸಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಾನು ಎಷ್ಟು ಸಲ ಹೋಗಿದ್ದೇನೋ, ಮಧುಕೇಶ್ವರನಿಗೆ ಕೈಮುಗಿದು ಬಂದಿದ್ದೇನೆ. ಆ ಥೇರ ಅಲ್ಲಿ ಯಾರ ಮನೆಯಲ್ಲಿ ಉಂಡನೋ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಕಾವಲಿಯ ಮೇಲಿನ ದೋಸೆ ಅಂಚು ಬಿಟ್ಟಿತ್ತು. ತೆಗೆದು ಅವರ ತಟ್ಟೆಗೆ ಹಾಕಿ, ಒಲೆ ಆರಿಸಿ, ನಾನೂ ಕುರ್ಚಿ ಎಳೆದುಕೊಂಡು ಕೂತೆ.